ಮೀಟರ್‌ನಿಂದ ಅಡುಗೆಮನೆ ನಲ್ಲಿಯವರೆಗೆ: ಕ್ಲೋರಿನ್ ಎಲ್ಲಿ ಕಾಣೆಯಾಗುತ್ತದೆ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವರ್ಷಕ್ಕೊಮ್ಮೆ ಒಂದು ಬಾಟಲಿ ನೀರು ಲ್ಯಾಬಿಗೆ ಹೋಗುತ್ತದೆ, ವರದಿ ನೋಟಿಸ್ ಬೋರ್ಡ್ ಸೇರುತ್ತದೆ. ಅದು ಆ ಬಾಟಲಿಯೊಂದರ ಜಾತಕ ಅಷ್ಟೇ. ಕಾವೇರಿ ನೀರು ಬರುವ ಕಟ್ಟಡದಲ್ಲಿ ನಾನು ವಾರವಾರ ನೋಡುವುದು ಉಳಿಕೆ ಕ್ಲೋರಿನ್, ಅಂದರೆ ಶುದ್ಧೀಕರಣಕ್ಕೆ ಬೆರೆಸಿದ್ದರಲ್ಲಿ ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್, ಮಾತ್ರ. ನೀರು ಬಿಟ್ಟಾಗ ಮೀಟರ್ ಬಳಿ, ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ, ಟ್ಯಾಂಕಿಗೆ ಅತಿ ದೂರದ ಮನೆಯ ಅಡುಗೆಮನೆ ನಲ್ಲಿಯಲ್ಲಿ: ನಾಲ್ಕು ಕಡೆ, ಒಂದೇ ಸುತ್ತಿನಲ್ಲಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಆದರೆ ನನಗೆ ಮುಖ್ಯ, ಅಂಕಿ ಯಾವ ಎರಡು ಜಾಗಗಳ ನಡುವೆ ಬಿತ್ತು ಎನ್ನುವುದು.

ಪರೀಕ್ಷೆಗೆ ಡಿಪಿಡಿ 1 ಮಾತ್ರೆ ಬಳಸುತ್ತೇನೆ; ಯಾವುದರ ಜೊತೆಗೂ ಕೂಡದ ಬಿಡಿ ಕ್ಲೋರಿನ್ ಇದ್ದರೆ ಅದು ನೀರನ್ನು ಗುಲಾಬಿ ಮಾಡುತ್ತದೆ. ಕೊಳವೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು 10 ಮಿಲಿ ಹಿಡಿದು, ಮಾತ್ರೆಗೆ ಬೆರಳು ತಾಗಿಸದೆ ಪುಡಿಮಾಡಿ ಹಾಕಿ, ಒಂದು ನಿಮಿಷದೊಳಗೆ ಗುಲಾಬಿ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಬೇಕು. ತಡಮಾಡಿದರೆ ಅಮೋನಿಯಾ ಜೊತೆ ಕೂಡಿದ ಕ್ಲೋರಿನ್ ಕೂಡ ಬಣ್ಣ ಕೊಡತೊಡಗಿ ಅಂಕಿ ಸುಳ್ಳೇ ಏರುತ್ತದೆ. ಇದಕ್ಕಿಂತ ಕೆಟ್ಟ ಮೋಸ ಇನ್ನೊಂದಿದೆ. ಕ್ಲೋರಿನ್ ವಿಪರೀತವಿದ್ದರೆ ಗುಲಾಬಿ ಮಿಂಚಿ ಮಾಯವಾಗುತ್ತದೆ. ‘ಸೊನ್ನೆ’ ಎಂದು ಬರೆದುಕೊಂಡವರು ಮತ್ತಷ್ಟು ಬ್ಲೀಚಿಂಗ್ ಪುಡಿ ಸುರಿಯುತ್ತಾರೆ. ಅನುಮಾನ ಬಂದರೆ 1 ಮಿಲಿ ನೀರಿಗೆ 9 ಮಿಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ ನೋಡಿ, ಬಂದದ್ದನ್ನು ಹತ್ತರಿಂದ ಗುಣಿಸಿ.

ಹಳದಿ ಬಣ್ಣ ಬರುವ ಓಟಿ (ಆರ್ಥೋಟಾಲಿಡಿನ್) ದ್ರಾವಣ ಅಗ್ಗ, ಆದರೆ ಅದು ತೋರಿಸುವುದು ಒಟ್ಟು ಕ್ಲೋರಿನ್, ಅಂದರೆ ಬಿಡಿಯಾದದ್ದೂ ಅಮೋನಿಯಾ ಜೊತೆ ಕೂಡಿದ್ದೂ ಸೇರಿ. ಓಟಿಯಲ್ಲಿ ಚೆನ್ನಾಗಿ ಹಳದಿ ಬಂದು ಡಿಪಿಡಿ 1ರಲ್ಲಿ ಏನೂ ಬಾರದಿದ್ದರೆ ನೀರಿನಲ್ಲಿ ಅಮೋನಿಯಾ ಇದೆ ಎಂಬ ಗುಮಾನಿ ಇಟ್ಟುಕೊಳ್ಳಿ. ನಮ್ಮ ಕಡೆ ಅದರ ಅರ್ಥ ಬಹುಪಾಲು ಚರಂಡಿ ನೀರು.

ಮೀಟರ್ ಬಳಿ 0.5, ಸಂಪಿನಲ್ಲಿ 0.1 ಎಂದರೆ ಕಳ್ಳ ಸಂಪಿನಲ್ಲೇ ಇದ್ದಾನೆ. ತಳದ ಹೂಳು, ಬೋರ್ ನೀರಿನ ಕಬ್ಬಿಣ, ಸರಿಯಾಗಿ ಕೂರದ ಮುಚ್ಚಳ, ಪಕ್ಕದ ಡ್ರೈನೇಜ್ ಚೇಂಬರ್, ಹೀಗೆ ಒಂದೊಂದಾಗಿ ನೋಡಿ. ರಾತ್ರಿ ಒಳಹರಿವನ್ನೂ ಪಂಪನ್ನೂ ನಿಲ್ಲಿಸಿ, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಎರಡು ಮೂರು ಗಂಟೆ ಬಿಡಿ. ಮಟ್ಟ ಏರಿದರೆ ಹೊರಗಿನ ನೀರು ಒಳಬರುತ್ತಿದೆ. ಇಳಿದರೂ ನಿಶ್ಚಿಂತೆ ಬೇಡ: ತುಂಬಿದಾಗ ಸೋರುವ ಬಿರುಕೇ ಸಂಪ್ ಖಾಲಿಯಾದಾಗ ಹೊರಗಿನದನ್ನು ಒಳಬಿಡುತ್ತದೆ.

ಮೀಟರ್ ಬಳಿಯೇ ಸೊನ್ನೆ ಬಂದರೆ, ನೀರು ಬಿಟ್ಟ ಮೊದಲ ಐದು ನಿಮಿಷದ್ದೊಂದು, ಅರ್ಧ ಗಂಟೆ ಬಿಟ್ಟು ಇನ್ನೊಂದು ಮಾದರಿ ಹಿಡಿಯಿರಿ. ದಿನ ಬಿಟ್ಟು ದಿನ ನೀರು ಬರುವ ಕಡೆ ಪೈಪು ಒತ್ತಡವಿಲ್ಲದೆ ಮಲಗಿದಾಗ ಸೋರುವ ಸಂದಿಗಳಿಂದ ಕೊಳಕು ಒಳಸೇರುತ್ತದೆ. ಮೊದಲ ಹರಿವು ಅದನ್ನೇ ತರುತ್ತದೆ. ಈ ಎರಡು ಅಂಕಿ ಹಿಡಿದು ಜಲಮಂಡಳಿಯ 1916ಕ್ಕೆ ಕರೆ ಮಾಡಿದರೆ ‘ನೀರು ಸರಿಯಿಲ್ಲ’ ಎಂಬ ಮಾತಿಗಿಂತ ತೂಕ ಹೆಚ್ಚು.

ರೋಗಾಣುಗಳಿಗೆ ಎಚ್‌ಟುಎಸ್ ಬಾಟಲಿ: ಮಲದ ಬ್ಯಾಕ್ಟೀರಿಯಾ ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕಪ್ಪಾಗುವ ಪರೀಕ್ಷೆ. ಗೆರೆಯವರೆಗೆ ನೀರು ತುಂಬಿ 24ರಿಂದ 48 ಗಂಟೆ ಬಿಡುವುದು, ಕಪ್ಪಾದರೆ ಸಂಶಯ. 30 ಡಿಗ್ರಿಗಿಂತ ತಂಪಿದ್ದರೆ ನಿಧಾನ, ಹಾಗಾಗಿ ಡಿಸೆಂಬರಿನಲ್ಲಿ ಪೂರ್ತಿ 48 ಗಂಟೆ ಕಾಯಲೇಬೇಕು. ಕೊಳೆತ ಮೊಟ್ಟೆ ವಾಸನೆಯ ಬೋರ್ ನೀರು ಮಲಿನವಾಗದೆಯೂ ಕಪ್ಪಾಗಬಹುದು, ಆದ್ದರಿಂದ ತೀರ್ಮಾನ ಲ್ಯಾಬಿನದು: 100 ಮಿಲಿಯಲ್ಲಿ ಮಲದ ಸುಳಿವು ಕೊಡುವ ಬ್ಯಾಕ್ಟೀರಿಯಾ ಇ. ಕೊಲೈ ಒಂದೂ ಇರಬಾರದು. ನಲ್ಲಿಯ ಜಾಲರಿ ಬಿಚ್ಚಿ, ಬಾಯಿಯನ್ನು ಸ್ಪಿರಿಟ್‌ನಿಂದ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯಲ್ಲಿ ಒಂದಂಗುಲ ಖಾಲಿ ಬಿಟ್ಟು ತುಂಬಿ, ಐಸ್ ಪೆಟ್ಟಿಗೆಯಲ್ಲಿ ಆರು ಗಂಟೆಯೊಳಗೆ ತಲುಪಿಸಿ. ಬಾಟಲಿ ಲ್ಯಾಬಿನವರೇ ಕೊಟ್ಟದ್ದಾಗಿರಲಿ. ಅದರೊಳಗಿನ ಸೋಡಿಯಂ ಥಯೋಸಲ್ಫೇಟ್ ಕ್ಲೋರಿನ್ನನ್ನು ಅಲ್ಲೇ ತಟಸ್ಥ ಮಾಡುತ್ತದೆ. ಇಲ್ಲದಿದ್ದರೆ ದಾರಿಯುದ್ದಕ್ಕೂ ರೋಗಾಣು ಸಾಯುತ್ತಾ ಹೋಗಿ ವರದಿ ಚೊಕ್ಕವಾಗಿ ಬರುತ್ತದೆ.

ಸಂಪ್ ತೊಳೆದ ಮೇಲೆ ಕ್ಲೋರಿನ್ ಕೊಡುವ ಲೆಕ್ಕ: 20,000 ಲೀಟರಿಗೆ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಎಂದರೆ 20 ಗ್ರಾಂ ಕ್ಲೋರಿನ್, ಶೇ. 25 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ 80 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು, ಅರ್ಧ ಗಂಟೆಯ ನಂತರ ಅಳೆಯಿರಿ. ತೆರೆದಿಟ್ಟ ಪುಡಿ ಮಳೆಗಾಲದಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಪಕ್ಕದಲ್ಲಿ ಅದನ್ನು ಇಡಲೇಬೇಡಿ, ಎರಡೂ ಬೆರೆತರೆ ಹೊರಡುವುದು ಕ್ಲೋರಿನ್ ಅನಿಲ.

ಫ್ಲೋರೈಡ್, ನೈಟ್ರೇಟ್, ಗಡಸುತನ ವಾರಕ್ಕೊಮ್ಮೆ ಬದಲಾಗುವಂಥವಲ್ಲ. ಬೋರ್ ನೀರಿಗೆ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಲ್ಯಾಬಿನಲ್ಲಿ ಮಾಡಿಸಿದರೆ ಸಾಕು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಕುದಿಸಿ ಪ್ರಯೋಜನವಿಲ್ಲ, ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ.

ಇನ್ನು ನೀರಿನಲ್ಲಿ ಕರಗಿದ ಲವಣಗಳ ಅಂದಾಜು ಕೊಡುವ ಟಿಡಿಎಸ್ ಮೀಟರ್. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಫಿಲ್ಟರ್ ಮಾರುವವರು ಎರಡು ಕಡ್ಡಿ ಮುಳುಗಿಸಿ ವಿದ್ಯುತ್ ಹರಿಸಿ ತೋರಿಸುವ ಕಂದು ಕೆಸರು ನೀರಿನದ್ದಲ್ಲ, ಕಬ್ಬಿಣದ ಕಡ್ಡಿ ಕರಗಿ ಬಂದದ್ದು. ನನಗೆ ಆ ಮೀಟರ್ ಬೇಕಾಗುವುದು ಬೆರಕೆ ಹಿಡಿಯಲು: ಕಾವೇರಿ 200, ಬೋರ್ 1000 ಇದ್ದು ನಲ್ಲಿಯಲ್ಲಿ 600 ಬಂದರೆ ಸಂಪಿನಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಬೋರ್ ನೀರು ಸೇರಿದೆ ಎಂದು ಲೆಕ್ಕ, ಪಂಪ್ ಆಪರೇಟರ್ ಏನೇ ಹೇಳಲಿ.