ಅಂಗಡಿಯ ವೆಬ್‌ಸೈಟ್‌ಗೂ ಫೇಸ್‌ಬುಕ್ ಪುಟಕ್ಕೂ ದಾರಿ ಮಾಡುವುದು ಹೇಗೆ?

ಮಂಡ್ಯದ ಹಳೆಯ ಹೆದ್ದಾರಿಯ ಪಕ್ಕದಲ್ಲಿ ಬೆಲ್ಲ ಮಾರುವ ಪರಿಚಿತ ಮಹಿಳೆಯೊಬ್ಬರು ಒಂದು ದಿನ ಫೋನ್ ಮಾಡಿದರು. ‘ನಮ್ಮ ವೆಬ್‌ಸೈಟ್‌ನಲ್ಲಿ ಫೇಸ್‌ಬುಕ್ ಗುರುತು ಒತ್ತಿದರೆ ಯಾವುದೋ ಪರದೇಶದ ಕಂಪನಿ ತೆರೆದುಕೊಳ್ಳುತ್ತದಂತೆ. ನಮ್ಮ ಬೆಲ್ಲವೇ ಕಾಣುವುದಿಲ್ಲವಂತೆ. ಬೆಂಗಳೂರಿನ ಗಿರಾಕಿಯೊಬ್ಬರು ಹೇಳಿದರು’ ಎಂದರು. ತೆರೆದು ನೋಡಿದೆ. ಗಿರಾಕಿ ಹೇಳಿದ್ದು ನಿಜವಾಗಿತ್ತು. ಸಿದ್ಧ ವಿನ್ಯಾಸದ ಜೊತೆಗೇ ಬಂದಿದ್ದ ಲಿಂಕ್ ಹಾಗೆಯೇ ಉಳಿದುಬಿಟ್ಟಿತ್ತು. ಒತ್ತಿದವರೆಲ್ಲ ಆ ವಿನ್ಯಾಸ ಮಾರುವವರ ಪುಟಕ್ಕೆ ಹೋಗುತ್ತಿದ್ದರು. ಆ ವೆಬ್‌ಸೈಟ್ ಕಟ್ಟಿಕೊಟ್ಟದ್ದು ನಾನೇ. ಎಂಟು ತಿಂಗಳು ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ಅವರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಎಂಟು ತಿಂಗಳ ನಷ್ಟ ಸಣ್ಣದಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ವಾಹನಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಊರೊಳಗೆ ಬಾರದೆ ಬೈಪಾಸ್‌ನಲ್ಲೇ ಹೋಗುತ್ತವೆ. ಮೊದಲು ಕಾರು ನಿಲ್ಲಿಸಿ, ಬೆಲ್ಲದ ಅಚ್ಚನ್ನು ಮೂಸಿ ನೋಡಿ ಎರಡು ಕೆ.ಜಿ. ಕಟ್ಟಿಸಿಕೊಳ್ಳುತ್ತಿದ್ದ ಗಿರಾಕಿಯನ್ನು ಈಗ ಮೊಬೈಲ್‌ನಲ್ಲಿ ಹುಡುಕಿಕೊಂಡು ಹೋಗಬೇಕಾಗಿದೆ. ಅದಕ್ಕಾಗಿಯೇ ಅವರು ಸಾಲ ಮಾಡಿ ವೆಬ್‌ಸೈಟ್ ಮಾಡಿಸಿದ್ದರು, ಮಗಳ ಕೈಯಲ್ಲಿ ಫೇಸ್‌ಬುಕ್ ಪುಟ ತೆರೆಸಿದ್ದರು. ಎರಡೂ ಇದ್ದವು, ನಡುವಿನ ದಾರಿ ಮಾತ್ರ ಇರಲಿಲ್ಲ.

ನಾಲೆ ತೋಡಿದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ. ತೂಬು ತೆಗೆಯಬೇಕು, ಆಮೇಲೆ ಬದುವಿನ ಮೇಲೆ ನಡೆದುಹೋಗಿ ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂದು ನೋಡಿಬರಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವೆಬ್‌ಸೈಟ್‌ನ ಲಿಂಕ್ ವಿಚಾರವೂ ಹಾಗೆಯೇ. ಕೆಳಗಿನ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು. ಕಂಪ್ಯೂಟರ್ ಇದ್ದರೆ ಒಳ್ಳೆಯದು, ಬಹುಪಾಲನ್ನು ಮೊಬೈಲ್‌ನಲ್ಲೂ ಮಾಡಬಹುದು.

ಮೊದಲ ಹೆಜ್ಜೆ: ವಿಳಾಸ ಗಟ್ಟಿಮಾಡಿಕೊಳ್ಳಿ

ನಿಮ್ಮ ವ್ಯಾಪಾರ ಫೇಸ್‌ಬುಕ್‌ನಲ್ಲಿ ‘ಪೇಜ್’ ಆಗಿದೆಯೋ ಅಥವಾ ಯಾರದೋ ವೈಯಕ್ತಿಕ ‘ಪ್ರೊಫೈಲ್’ ಆಗಿದೆಯೋ ನೋಡಿ. ‘ಫ್ರೆಂಡ್ ರಿಕ್ವೆಸ್ಟ್’ ಕಳುಹಿಸಬೇಕಾದರೆ ಅದು ಪ್ರೊಫೈಲ್. ಅದರಲ್ಲಿ 5,000 ಸ್ನೇಹಿತರ ಮಿತಿ ಇದೆ, ಅದನ್ನು ನಡೆಸುವ ಅಧಿಕಾರವನ್ನು ಇನ್ನೊಬ್ಬರಿಗೆ ಹಂಚಿಕೊಡುವ ಸರಿಯಾದ ವ್ಯವಸ್ಥೆಯೂ ಇಲ್ಲ. ವ್ಯಾಪಾರಕ್ಕೆಂದೇ 2007ರಿಂದ ಪೇಜ್‌ಗಳಿವೆ. ಇನ್ನೂ ಪ್ರೊಫೈಲ್‌ನಲ್ಲೇ ವ್ಯಾಪಾರ ನಡೆಸುತ್ತಿರುವವರು ಮೊದಲು ಪೇಜ್ ತೆರೆದು ನಂತರ ಮುಂದಿನದನ್ನು ಓದಿ.

ಪೇಜ್ ಇದ್ದರೆ ಅದಕ್ಕೊಂದು ಯೂಸರ್‌ನೇಮ್ ಕೊಡಿ. ಕೊಡದಿದ್ದರೆ ವಿಳಾಸದ ತುದಿಯಲ್ಲಿ ಉದ್ದನೆಯ ಅಂಕಿಗಳ ಸಾಲು ನೇತಾಡುತ್ತಿರುತ್ತದೆ, ಅದನ್ನು ಯಾರೂ ಬಾಯಲ್ಲಿ ಹೇಳಲಾರರು. ಯೂಸರ್‌ನೇಮ್‌ನಲ್ಲಿ ಕನಿಷ್ಠ 5 ಅಕ್ಷರಗಳಿರಬೇಕು. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಚುಕ್ಕೆಗಳಿಗೆ ಮಾತ್ರ ಅವಕಾಶ. ಇನ್‌ಸ್ಟಾಗ್ರಾಂ ಇವುಗಳ ಜೊತೆಗೆ ಅಂಡರ್‌ಸ್ಕೋರ್ ಎಂಬ ಅಡಿಗೆರೆಯನ್ನೂ ಒಪ್ಪುತ್ತದೆ, ಫೇಸ್‌ಬುಕ್ ಒಪ್ಪುವುದಿಲ್ಲ. ಹಾಗಾಗಿ ಅಡಿಗೆರೆ ಇಲ್ಲದ ಹೆಸರನ್ನೇ ಆರಿಸಿಕೊಂಡರೆ ಎರಡು ಕಡೆಯೂ ಒಂದೇ ಹೆಸರು ಸಿಗುತ್ತದೆ. ಅಂಗಡಿಯ ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಅದನ್ನೇ ಬರೆಸಬಹುದು.

ಎರಡನೆಯದು: ವೆಬ್‌ಸೈಟ್‌ನಿಂದ ಪೇಜ್‌ಗೆ

ಎಂಟು ತಿಂಗಳ ಆ ತಪ್ಪು ನಡೆದದ್ದು ಇಲ್ಲಿಯೇ. ಇಲ್ಲಿ ಇನ್ನೊಂದು ತಪ್ಪೂ ಆಗುತ್ತದೆ: ವಿಳಾಸ ನಕಲು ಮಾಡುವಾಗ ಹಲವರು ತಾವು ಪೇಜ್ ನಡೆಸುವ ಒಳಕೋಣೆಯ ವಿಳಾಸವನ್ನು ನಕಲು ಮಾಡುತ್ತಾರೆ. ಅದು ನಿಮಗೆ ತೆರೆಯುತ್ತದೆ, ಗಿರಾಕಿಗೆ ತೆರೆಯುವುದಿಲ್ಲ, ಅವರ ಮುಂದೆ ಲಾಗಿನ್ ಪುಟ ಬಂದು ನಿಲ್ಲುತ್ತದೆ. ಲಿಂಕ್‌ನಲ್ಲಿ ಇರಬೇಕಾದದ್ದು ಇಷ್ಟೇ: ಫೇಸ್‌ಬುಕ್ ಡಾಟ್ ಕಾಮ್, ಒಂದು ಓರೆಗೆರೆ, ನಿಮ್ಮ ಯೂಸರ್‌ನೇಮ್. ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ, ಅಂಕಿಗಳು ಏನೇ ಅಂಟಿಕೊಂಡು ಬಂದಿದ್ದರೂ ಅಳಿಸಿ.

ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ವೆಬ್‌ಸೈಟ್ ಆದರೆ ‘ಸೋಷಿಯಲ್ ಐಕಾನ್ಸ್’ ಎಂಬ ಬ್ಲಾಕ್ ಇದೆ. ಅದನ್ನು ಸೇರಿಸಿ, ಫೇಸ್‌ಬುಕ್ ಗುರುತನ್ನು ಆರಿಸಿ ವಿಳಾಸ ಅಂಟಿಸಿದರಾಯಿತು. ಬೇರೆಯವರು ಕಟ್ಟಿಕೊಟ್ಟಿದ್ದರೆ ಅವರಿಗೆ ವಿಳಾಸವನ್ನು ಬರಹದಲ್ಲೇ ಕಳುಹಿಸಿ, ಫೋನಿನಲ್ಲಿ ಹೇಳಬೇಡಿ. ಸಿದ್ಧ ವಿನ್ಯಾಸದಲ್ಲಿ ಟ್ವಿಟರ್ (ಈಗಿನ ಎಕ್ಸ್), ಯೂಟ್ಯೂಬ್, ಲಿಂಕ್ಡ್‌ಇನ್ ಎಂದು ಐದಾರು ಗುರುತುಗಳು ಬಂದಿರುತ್ತವೆ. ನಿಮಗೆ ಖಾತೆ ಇಲ್ಲದವನ್ನೆಲ್ಲ ತೆಗೆಸಿಬಿಡಿ.

ಬರಿಯ ಗುರುತು ಹಾಕಿ ಸುಮ್ಮನಾಗಬೇಡಿ, ಪಕ್ಕದಲ್ಲಿ ನಾಲ್ಕು ಕನ್ನಡ ಪದಗಳಿರಲಿ. ‘ಬೆಲ್ಲ ಕಾಯಿಸುವುದನ್ನು ಫೇಸ್‌ಬುಕ್‌ನಲ್ಲಿ ನೋಡಿ’ ಎಂದಿದ್ದರೆ ಒತ್ತುವುದಕ್ಕೆ ಒಂದು ಕಾರಣ ಸಿಗುತ್ತದೆ. ಲಿಂಕ್ ಹೊಸ ಟ್ಯಾಬ್‌ನಲ್ಲಿ ತೆರೆಯುವಂತೆ ಆಯ್ಕೆ ಮಾಡಿ, ಅಂಗಡಿಯ ಬಾಗಿಲು ಹಿಂದೆ ತೆರೆದೇ ಇರುತ್ತದೆ.

ಫೇಸ್‌ಬುಕ್‌ನ ‘ಪೇಜ್ ಪ್ಲಗಿನ್’ ಬಳಸಿ ಇಡೀ ಪೇಜನ್ನೇ ವೆಬ್‌ಸೈಟ್ ಒಳಗೆ ಕೂರಿಸುವ ವ್ಯವಸ್ಥೆಯೂ ಇದೆ. ನಾನು ಅದನ್ನು ಬೇಡ ಎನ್ನುತ್ತೇನೆ. ಅದು ಫೇಸ್‌ಬುಕ್‌ನಿಂದ ಒಂದಷ್ಟು ಸ್ಕ್ರಿಪ್ಟ್ (ಪುಟದೊಳಗೆ ಓಡುವ ಸಣ್ಣ ಪ್ರೋಗ್ರಾಂ) ಎಳೆದುತರುವುದರಿಂದ ಹಳ್ಳಿಯ ನೆಟ್‌ವರ್ಕ್‌ನಲ್ಲಿ ನಿಮ್ಮ ವೆಬ್‌ಸೈಟ್ ತೆವಳುತ್ತದೆ.

ಮೂರನೆಯದು: ಪೇಜ್‌ನಿಂದ ವೆಬ್‌ಸೈಟ್‌ಗೆ

ಪೇಜ್‌ನ ‘ಅಬೌಟ್’ ವಿಭಾಗದಲ್ಲಿ ವೆಬ್‌ಸೈಟ್ ವಿಳಾಸಕ್ಕೆ ಜಾಗವಿದೆ. ‘ಎಚ್‌ಟಿಟಿಪಿಎಸ್’ ಸಹಿತ ಪೂರ್ತಿ ವಿಳಾಸ ಹಾಕಿ. ಇನ್‌ಸ್ಟಾಗ್ರಾಂನಲ್ಲಿ ‘ಎಡಿಟ್ ಪ್ರೊಫೈಲ್’ ಒಳಗಿನ ‘ಲಿಂಕ್ಸ್’ ಜಾಗದಲ್ಲಿ ಐದು ಲಿಂಕ್‌ಗಳವರೆಗೆ ಸೇರಿಸಬಹುದು. ಅಲ್ಲಿ ಪೋಸ್ಟ್‌ನ ಬರಹದೊಳಗೆ ವಿಳಾಸ ಬರೆದರೆ ಅದನ್ನು ಒತ್ತಲು ಬರುವುದಿಲ್ಲ ಎಂಬುದು ನೆನಪಿರಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ ಹುಡುಕಿದಾಗ ಕಾಣುವ ಅಂಗಡಿಯ ವಿವರ) ಇದ್ದರೆ ಅಲ್ಲಿಯೂ ಎರಡೂ ವಿಳಾಸಗಳನ್ನು ಸೇರಿಸಿ.

ಇಷ್ಟು ಎಲ್ಲರೂ ಮಾಡುತ್ತಾರೆ. ಫಲ ಕೊಡುವುದು ಇದರ ಮುಂದಿನ ಕೆಲಸ. ಪ್ರತಿ ಪೋಸ್ಟ್‌ನಲ್ಲೂ ವೆಬ್‌ಸೈಟ್‌ನ ಮುಖಪುಟದ ಲಿಂಕ್ ಹಾಕಬೇಡಿ, ಆ ಪೋಸ್ಟ್ ಯಾವ ವಸ್ತುವಿನದೋ ಆ ವಸ್ತುವಿನ ಪುಟದ ಲಿಂಕ್ ಹಾಕಿ.

ಬೆಲ್ಲದ ಅಂಗಡಿಯ ಸಂಗತಿಯನ್ನೇ ನೋಡಿ. ಅವರದು ರಾಸಾಯನಿಕ ಹಾಕದ ಬೆಲ್ಲ, ಬಣ್ಣ ಕಂದು. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಣ್ಣ ತಿಳಿಮಾಡಿದ ಹಳದಿ ಬೆಲ್ಲಕ್ಕೆ ಒಗ್ಗಿಹೋದ ಪೇಟೆಯ ಗಿರಾಕಿಗೆ ಕಂದು ಬೆಲ್ಲ ಕಂಡರೆ ಹಳೆಯದೇನೋ ಎಂಬ ಅನುಮಾನ. ಒಂದು ಬೆಳಗಿನ ಜಾವ ಮಗಳು ಆಲೆಮನೆಯಲ್ಲಿ ನಿಂತು ವಿಡಿಯೊ ಮಾಡಿದಳು. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆ ಸೇರಿತು. ಬೆಂಡೆ ಗಿಡದ ಲೋಳೆ ಹಾಕಿದೊಡನೆ ಕೊಳೆಯೆಲ್ಲ ನೊರೆಯಾಗಿ ಮೇಲೆದ್ದಿತು, ಜಾಲರಿಯಲ್ಲಿ ಅದನ್ನು ಎತ್ತಿ ಹಾಕಿದರು. ಕೊನೆಗೆ ಪಾಕ ಅಚ್ಚಿಗೆ ಇಳಿಯಿತು. ನೋಡಿದವರ ಅನುಮಾನ ಅಲ್ಲಿಗೇ ಮುಗಿಯಿತು. ಆದರೆ ಅದರ ಕೆಳಗೆ ಮುಖಪುಟದ ಲಿಂಕ್ ಇತ್ತು. ಗಿರಾಕಿ ಅಲ್ಲಿಗೆ ಹೋಗಿ, ‘ನಮ್ಮ ಬಗ್ಗೆ’ ದಾಟಿ, ‘ಉತ್ಪನ್ನಗಳು’ ಒತ್ತಿ, ಜೋನಿ ಬೆಲ್ಲ, ಪುಡಿ ಬೆಲ್ಲಗಳ ನಡುವೆ ಅಚ್ಚು ಬೆಲ್ಲ ಹುಡುಕಬೇಕಾಗಿತ್ತು. ಈಗ ಆ ವಿಡಿಯೊದ ಕೆಳಗೆ ನೇರವಾಗಿ ಅಚ್ಚು ಬೆಲ್ಲದ ಪುಟದ ಲಿಂಕ್ ಇದೆ. ಆ ಪುಟದಲ್ಲಿ, ಬೆಲೆಯ ಕೆಳಗೇ, ಅದೇ ವಿಡಿಯೊಗೆ ವಾಪಸು ಹೋಗುವ ಲಿಂಕ್ ಇದೆ. ಬೆಲೆ ನೋಡಿ ಅನುಮಾನ ಪಡುವವರು ಬೆಲ್ಲ ಹೇಗಾಯಿತೆಂದು ಅಲ್ಲೇ ನೋಡಬಹುದು.

ನಾಲ್ಕನೆಯದು: ಲಿಂಕ್ ಹಂಚಿದಾಗ ಕಾಣುವ ಚಿತ್ರ

ವೆಬ್‌ಸೈಟ್‌ನ ಲಿಂಕನ್ನು ಫೇಸ್‌ಬುಕ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಹಾಕಿದಾಗ ಒಂದು ಚಿತ್ರ, ಒಂದು ಶೀರ್ಷಿಕೆ, ಎರಡು ಸಾಲು ವಿವರ ತಾನಾಗಿ ಮೂಡುತ್ತವೆ. ನಾವು ಮೊದಲ ಸಲ ಹಾಕಿದಾಗ ಮೂಡಿದ್ದು ಬೂದು ಬಣ್ಣದ ಖಾಲಿ ಚೌಕ, ಅದರ ಕೆಳಗೆ ‘ಹೋಮ್’ ಎಂಬ ಒಂದೇ ಪದ. ಯಾರು ಒತ್ತುತ್ತಾರೆ?

ಇದನ್ನು ತೀರ್ಮಾನಿಸುವುದು ‘ಓಪನ್ ಗ್ರಾಫ್’ ಎಂಬ ಟ್ಯಾಗ್‌ಗಳು, ಅಂದರೆ ಪುಟದ ಕೋಡ್‌ನೊಳಗೆ ಅಡಗಿರುವ ಗುರುತಿನ ಸಾಲುಗಳು. ಫೇಸ್‌ಬುಕ್ 2010ರಲ್ಲಿ ಇವನ್ನು ತಂದಿತು, ಈಗ ವಾಟ್ಸ್‌ಆ್ಯಪ್ ಕೂಡ ಇವನ್ನೇ ಓದುತ್ತದೆ. ಶೀರ್ಷಿಕೆ, ವಿವರ, ಚಿತ್ರ ಮತ್ತು ಪುಟದ ವಿಳಾಸಕ್ಕೆ ಒಂದೊಂದರಂತೆ ನಾಲ್ಕು ಟ್ಯಾಗ್ ಸಾಕು. ವರ್ಡ್‌ಪ್ರೆಸ್‌ನಲ್ಲಿ ಎಸ್‌ಇಒ ಪ್ಲಗಿನ್‌ಗಳು (ಹುಡುಕಾಟದಲ್ಲಿ ಪುಟ ಸಿಗುವಂತೆ ಮಾಡುವ ಜೋಡಣೆಗಳು) ಇದಕ್ಕೆ ಖಾಲಿ ಜಾಗ ಕೊಡುತ್ತವೆ, ತುಂಬಿದರೆ ಮುಗಿಯಿತು. ಚಿತ್ರ 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರ ಇರಲಿ. ಕಡತದ ಗಾತ್ರವನ್ನು 300 ಕೆ.ಬಿ.ಯೊಳಗೆ ಇಡುವುದು ನನ್ನ ರೂಢಿ, ದೊಡ್ಡ ಚಿತ್ರವನ್ನು ವಾಟ್ಸ್‌ಆ್ಯಪ್ ಕೆಲವೊಮ್ಮೆ ತೋರಿಸದೆ ಬಿಟ್ಟುಬಿಡುತ್ತದೆ. ಲೋಗೊ ಬೇಡ, ವಸ್ತುವಿನ ಚಿತ್ರ ಹಾಕಿ. ಬಾಳೆ ಎಲೆಯ ಮೇಲೆ ಒಡೆದಿಟ್ಟ ಒಂದು ಅಚ್ಚು, ಒಡೆದ ಕಡೆ ಹರಳು ಹರಳಾಗಿ ಮಿನುಗುವ ಬೆಲ್ಲ: ಈಗ ಅವರ ಲಿಂಕ್ ಹಂಚಿದರೆ ಕಾಣುವುದು ಇದು.

ಚಿತ್ರ ಬದಲಿಸಿದ ಮೇಲೂ ಹಳೆಯದೇ ಬರುತ್ತಿದ್ದರೆ ಹೆದರಬೇಡಿ. ಫೇಸ್‌ಬುಕ್ ಹಳೆಯ ಪ್ರತಿಯನ್ನು ನೆನಪಿಟ್ಟುಕೊಂಡಿರುತ್ತದೆ. ‘ಶೇರಿಂಗ್ ಡೀಬಗರ್’ ಎಂಬ ಅದರದೇ ಪುಟಕ್ಕೆ ಹೋಗಿ, ನಿಮ್ಮ ವಿಳಾಸ ಹಾಕಿ ‘ಸ್ಕ್ರೇಪ್ ಅಗೇನ್’ ಒತ್ತಿ.

ಕನ್ನಡದಲ್ಲಿ ವೆಬ್‌ಸೈಟ್ ನಡೆಸುವವರಿಗೆ ಇಲ್ಲೊಂದು ವಿಶೇಷ ಸೂಚನೆ. ಪುಟದ ಶೀರ್ಷಿಕೆ, ವಿವರ ಎಲ್ಲವೂ ಕನ್ನಡದಲ್ಲೇ ಇರಲಿ, ಚೆನ್ನಾಗಿ ಕಾಣುತ್ತದೆ. ಆದರೆ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡಿ. ವಿಳಾಸದಲ್ಲಿ ಕನ್ನಡ ಇದ್ದರೆ ನಕಲು ಮಾಡಿ ಕಳುಹಿಸುವಾಗ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಒಡೆದುಹೋಗುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ‘ಬೆಲ್ಲ’ ಎಂಬ ಪುಟ್ಟ ಪದದಲ್ಲಿ ಐದು ಸಂಕೇತಗಳಿವೆ. ಒಂದೊಂದೂ ಒಂಬತ್ತು ಅಕ್ಷರವಾಗಿ ಹಿಗ್ಗಿ, ಒಟ್ಟು 45 ಅಕ್ಷರಗಳ ಗೊಂದಲವಾಗುತ್ತದೆ. ಅದನ್ನು ಕಂಡ ಗಿರಾಕಿ ಇದು ಮೋಸದ ಲಿಂಕ್ ಇರಬಹುದೆಂದು ಹಿಂದೆ ಸರಿಯುತ್ತಾರೆ. ಕನ್ನಡಕ್ಕೆ ಈ ಸ್ಥಿತಿ ಇರುವುದು ನನಗೆ ನೋವಿನ ವಿಷಯ, ಆದರೂ ಇವತ್ತಿನ ವ್ಯಾಪಾರ ಇವತ್ತೇ ನಡೆಯಬೇಕು.

ಐದನೆಯದು: ವಾಟ್ಸ್‌ಆ್ಯಪ್ ಮತ್ತು ಲೆಕ್ಕ

ವೆಬ್‌ಸೈಟ್‌ನಲ್ಲಿ ವಾಟ್ಸ್‌ಆ್ಯಪ್ ಗುಂಡಿಯೂ ಇರಲಿ. ‘ಡಬ್ಲ್ಯುಎ ಡಾಟ್ ಎಂಇ’, ಓರೆಗೆರೆ, 91, ನಂತರ ನಿಮ್ಮ ಹತ್ತು ಅಂಕಿಯ ಸಂಖ್ಯೆ. 91ಕ್ಕೆ ಮೊದಲು ಪ್ಲಸ್ ಚಿಹ್ನೆ, ನಿಮ್ಮ ಸಂಖ್ಯೆಗೆ ಮೊದಲು ಸೊನ್ನೆ, ನಡುವೆ ಅಡ್ಡಗೆರೆ ಯಾವುದೂ ಬರಬಾರದು. ಮನೆಯವರ ಸಂಖ್ಯೆ ಕೊಡದೆ ಅಂಗಡಿಗೆಂದೇ ಒಂದು ಸಿಮ್ ಇಟ್ಟುಕೊಳ್ಳಿ.

ಯಾವ ಪೋಸ್ಟ್‌ನಿಂದ ಎಷ್ಟು ಜನ ಬಂದರೆಂಬ ಲೆಕ್ಕ ಬೇಕಾದವರು ಲಿಂಕ್‌ನ ತುದಿಗೆ ‘ಯುಟಿಎಂ’ ಎಂಬ, ಎಲ್ಲಿಂದ ಬಂದರೆಂದು ಹೇಳುವ ಗುರುತು ಸೇರಿಸಬಹುದು. ವೆಬ್‌ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಅದನ್ನು ಓದಿ ಫೇಸ್‌ಬುಕ್‌ನಿಂದ ಬಂದವರು, ಇನ್‌ಸ್ಟಾಗ್ರಾಂನಿಂದ ಬಂದವರು ಎಂದು ಬೇರೆ ಮಾಡಿ ಕೊಡುತ್ತದೆ. ದಸರಾ, ಸಂಕ್ರಾಂತಿಯಂಥ ಸುಗ್ಗಿಯ ವ್ಯಾಪಾರ ಇರುವವರಿಗೆ ಇದು ಉಪಯೋಗ. ದಿನಕ್ಕೆ ನಾಲ್ಕು ಆರ್ಡರ್ ಬರುವ ಅಂಗಡಿಗೆ ಸದ್ಯ ಬೇಕಿಲ್ಲ.

ಕೀಲಿಕೈ ಯಾರ ಹತ್ತಿರ ಇದೆ?

ಲಿಂಕ್‌ಗಿಂತ ದೊಡ್ಡ ವಿಷಯ ಇದು. ಮೈಸೂರಿನ ಅಗರಬತ್ತಿ ವ್ಯಾಪಾರಿಯೊಬ್ಬರ ಪೇಜನ್ನು ನಡೆಸುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಪೇಜ್ ಅವನ ಖಾತೆಯಲ್ಲಿ ಮಾತ್ರ ಇತ್ತು. ವೆಬ್‌ಸೈಟ್‌ನ ಡೊಮೇನ್, ಅಂದರೆ ಅದರ ವಿಳಾಸದ ಹೆಸರು, ಅದನ್ನು ಕಟ್ಟಿಕೊಟ್ಟವರ ಇಮೇಲ್‌ನಲ್ಲಿ ನೋಂದಣಿಯಾಗಿತ್ತು. ಎರಡು ತಲೆಮಾರಿನ ಅಂಗಡಿ ತನ್ನದೇ ಹೆಸರಿಗೆ ಪರರ ಬಳಿ ಬೇಡುವಂತಾಯಿತು.

ಆದ್ದರಿಂದ ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ನೋಂದಣಿಯಾಗಿರಲಿ. ಪೇಜ್‌ನ ಪೂರ್ಣ ನಿಯಂತ್ರಣ ಮನೆಯ ಇಬ್ಬರ ಹತ್ತಿರವಾದರೂ ಇರಲಿ, ಕೆಲಸಕ್ಕಿರುವವರಿಗೆ ಪೋಸ್ಟ್ ಹಾಕುವಷ್ಟು ಅಧಿಕಾರ ಸಾಕು. ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಕಡ್ಡಾಯವಾಗಿ ಹಾಕಿ. ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾದ ಬಿಸಿನೆಸ್ ಸೆಟ್ಟಿಂಗ್ಸ್‌ನಲ್ಲಿ ಡೊಮೇನ್ ದೃಢೀಕರಿಸುವ ಸೌಲಭ್ಯವಿದೆ. ಅವರು ಕೊಡುವ ಒಂದು ಸಾಲನ್ನು ಡೊಮೇನ್‌ನ ಡಿಎನ್‌ಎಸ್ ಎಂಬ ದಾಖಲೆಪಟ್ಟಿಯಲ್ಲಿ ಸೇರಿಸಿದರೆ ಈ ವೆಬ್‌ಸೈಟ್ ನಿಮ್ಮದೇ ಎಂಬುದು ಅವರಲ್ಲಿ ದಾಖಲಾಗುತ್ತದೆ.

‘ನಿಮ್ಮ ಪೇಜ್ 24 ಗಂಟೆಯಲ್ಲಿ ರದ್ದಾಗುತ್ತದೆ, ಇಲ್ಲಿ ಒತ್ತಿ’ ಎಂದು ಮೆಟಾ ಹೆಸರಿನಲ್ಲಿ ಸಂದೇಶ ಬಂದರೆ ಒತ್ತಬೇಡಿ. ಅದು ಪಾಸ್‌ವರ್ಡ್ ಕದಿಯುವವರ ಕೆಲಸ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯದು: ನಡೆದು ನೋಡಿ

ಎಲ್ಲ ಮುಗಿದ ಮೇಲೆ ಬ್ರೌಸರ್‌ನ ‘ಇನ್‌ಕಾಗ್ನಿಟೊ’ ಕಿಟಕಿ ತೆರೆಯಿರಿ. ಅಲ್ಲಿ ನೀವು ಲಾಗಿನ್ ಆಗಿರುವುದಿಲ್ಲ, ಗಿರಾಕಿಗೆ ಕಂಡಂತೆಯೇ ನಿಮಗೂ ಕಾಣುತ್ತದೆ. ಪ್ರತಿ ಗುರುತನ್ನೂ ಒತ್ತಿ. ಪೇಜ್‌ನಿಂದ ವೆಬ್‌ಸೈಟ್‌ಗೆ ಬನ್ನಿ, ಅಲ್ಲಿಂದ ವಾಪಸು ಹೋಗಿ. ಬಳಿಕ ನಿಮ್ಮ ಅಂಗಡಿಯ ಪರಿಚಯವೇ ಇಲ್ಲದ ಯಾರದಾದರೂ ಮೊಬೈಲ್ ಕೇಳಿ ಪಡೆದು ಇನ್ನೊಮ್ಮೆ ಮಾಡಿ. ತಿಂಗಳಿಗೊಮ್ಮೆ ಇದನ್ನು ಮಾಡಲು ಹತ್ತು ನಿಮಿಷ ಸಾಕು.

ಬೆಲ್ಲದ ಅಂಗಡಿಯವರು ಈಗ ಪ್ರತಿ ತಿಂಗಳ ಒಂದನೇ ತಾರೀಖು ತಾವೇ ಪರೀಕ್ಷೆ ಮಾಡುತ್ತಾರೆ. ಡಿಸೆಂಬರ್‌ನಲ್ಲಿ ಮಾತ್ರ ಎರಡು ಸಲ, ಸಂಕ್ರಾಂತಿಯ ಎಳ್ಳು–ಬೆಲ್ಲದ ಆರ್ಡರ್‌ಗಳು ಆಗಲೇ ಶುರುವಾಗುತ್ತವೆ. ಕಳೆದ ಸಲ ಹೋದಾಗ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದರು. ಐದು ವಿಳಾಸ, ಪ್ರತಿಯೊಂದರ ಮುಂದೆ ತಾರೀಖು, ಸರಿ ಗುರುತು. ಒಂದರ ಮುಂದೆ ಮಾತ್ರ ‘ಪುಡಿ ಬೆಲ್ಲದ ಚಿತ್ರ ಬರುತ್ತಿಲ್ಲ, ಕೇಳಬೇಕು’ ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದರು. ಅದನ್ನು ಅಲ್ಲೇ ಕುಳಿತು ಸರಿಮಾಡಿಕೊಟ್ಟು ಬಂದೆ.