30 ರೆಸ್ಯೂಮ್ ಬಿಟ್ಟು 12 ಕಾರ್ಡು ಹಿಡಿದು ಹೋದೆ

ಹಾಸನದ ಇಂಟರ್ನ್‌ಶಿಪ್ ಮೀಟ್‌ಗೆ ರೆಸ್ಯೂಮ್ ಇಲ್ಲದೆ ಹೋಗ್ತೀನಿ ಅಂದಾಗ ಕ್ಲಾಸಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಮೊದಲ ಎರಡು ಮೀಟ್‌ಗೆ 30 ಕಲರ್ ಪ್ರಿಂಟ್, ಫೈಲು, ಬಾಡಿಗೆ ಬ್ಲೇಜರ್ ಅಂತ ಹತ್ತಿರ ಹತ್ತಿರ 1,100 ರೂಪಾಯಿ ಹೋಗಿತ್ತು. ಒಂದು ಫೋನೂ ಬರಲಿಲ್ಲ. ಮೂರನೆಯದಕ್ಕೆ ಸುಮಾರು 90 ರೂಪಾಯಿ ಖರ್ಚು, ಎರಡು ಕಡೆಯಿಂದ ಕರೆ.

ರೆಸ್ಯೂಮ್ ಬದಲು ಒಯ್ದ ಕಾರ್ಡಿನ ಮೇಲೆ ಹೆಸರು, ನಂಬರು, ಪ್ರಾಜೆಕ್ಟಿನ ಬಗ್ಗೆ ಒಂದೇ ಸಾಲು: 'ಕಣದಲ್ಲಿ ಒಣಗುವ ಪಾರ್ಚ್‌ಮೆಂಟ್ ಕಾಫಿಯ ತೇವಾಂಶ 10%ಗೆ ಇಳಿದರೆ ಮೊಬೈಲಿಗೆ ಮೆಸೇಜ್.' ಬೆಂಗಳೂರಿನವರು ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದ, ಒಳಸಿಪ್ಪೆ ಇರುವ ಬೀಜ) ಅಂದರೇನು ಅಂತಾರೆ, ಸಕಲೇಶಪುರದ ಕಡೆಯವರು ಮಳೆ ಬಂದರೆ ಏನು ಗತಿ ಅಂತಾರೆ. ಹೇಗಾದರೂ ಮಾತು ಶುರುವಾಗುತ್ತದೆ.

ಕಾರ್ಡಿನಲ್ಲಿ ಹಾಕಿದ ಕ್ಯೂಆರ್ ಕೋಡ್ (ಸ್ಕ್ಯಾನ್ ಮಾಡಿದರೆ ಗೂಗಲ್ ಡ್ರೈವ್‌ನಲ್ಲಿರುವ ನನ್ನ ಫೈಲು ತೆರೆಯುತ್ತದೆ) ಬಹಳ ಕಾಡಿಸಿತು. ಲ್ಯಾಮಿನೇಷನ್ ಮಾಡಿಸಿದ್ದು ಲೈಟಿಗೆ ಹೊಳೆದು ಸ್ಕ್ಯಾನ್ ಆಗಲಿಲ್ಲ, ಎನ್.ಆರ್. ವೃತ್ತದ ಹತ್ತಿರ ಹೊಳಪಿಲ್ಲದ ದಪ್ಪ ಕಾಗದದಲ್ಲಿ ಮತ್ತೆ ಹೊಡೆಸಿದೆ. ಕೋಡ್ 2 ಸೆಂ.ಮೀ.ಗಿಂತ ಚಿಕ್ಕದು ಬೇಡ. ಇನ್ನೂ ದೊಡ್ಡ ತಪ್ಪು ಡ್ರೈವ್ ಲಿಂಕಿನದು: ಎಲ್ಲರಿಗೂ ತೆರೆದಿಡದೆ ಬಿಟ್ಟಿದ್ದರಿಂದ ಎದುರಿನವರ ಫೋನಿನಲ್ಲಿ 'ಅನುಮತಿ ಕೇಳಿ' ಅಂತ ಬಂತು. ಹಿಂದಿನ ದಿನವೇ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಫೈಲು 1 ಎಂಬಿ ಒಳಗಿರಲಿ, ಹಾಲ್ ಒಳಗೆ ನೆಟ್‌ವರ್ಕ್ ಕಷ್ಟ.

ಊಟದ ಸಾಲಿನಲ್ಲಿ ಯಾರನ್ನೂ ಮಾತಾಡಿಸಬೇಡಿ, ಕೈಯಲ್ಲಿ ತಟ್ಟೆ ಇದ್ದರೆ ಕಾರ್ಡ್ ಎಲ್ಲಿ ಹಿಡಿಯುತ್ತಾರೆ? ಮೀಟ್ ಶುರುವಾಗುವ 20 ನಿಮಿಷ ಮೊದಲೇ ಹೋಗಿ ಕಾಫಿ ಟೇಬಲ್ ಪಕ್ಕ ನಿಲ್ಲಿ. ಕಂಪನಿಯವರ ಸುತ್ತ ಐದಾರು ಜನ ಸೇರಿದಾಗ ನಿಮ್ಮ ಪರಿಚಯದಿಂದ ಶುರು ಮಾಡಬೇಡಿ. ನಿಮಗಿಂತ ಮುಂಚೆ ಮಾತಾಡಿದವರ ಮಾತನ್ನೇ ಹಿಡಿಯಿರಿ. ನಾನು ಹೇಳಿದ್ದು: "ಇವರು ಹೇಳಿದ ಬ್ಯಾಟರಿ ತೊಂದರೆ ನಮಗೂ ಬಂದಿತ್ತು ಸರ್, ನಾವು ತೇವಾಂಶದ ರೀಡಿಂಗ್ ಗಂಟೆಗೊಂದು ಸಲಕ್ಕೆ ಇಳಿಸಿದ್ವಿ." ಹಿಂದೆ ನಿಂತವರಿಗೆ ಜಾಗ ಬಿಡಿ. ನಾಲ್ಕೈದು ನಿಮಿಷಕ್ಕೆ ಹೊರಡಿ. ನನಗೆ ಆ ಎರಡು ಕರೆ ತಂದುಕೊಟ್ಟಿದ್ದು ಇದೇ. ಕರೆ ಮಾಡಿದ ಇಬ್ಬರೂ "ಅವತ್ತು ಬ್ಯಾಟರಿ ವಿಷಯ ಹೇಳಿದವರಲ್ವಾ" ಅಂದರೇ ಹೊರತು ಮಾರ್ಕ್ಸ್ ಕೇಳಲಿಲ್ಲ.

ಹೆಸರಿನ ಬ್ಯಾಡ್ಜ್ ಮೇಲೂ ಪ್ರಯೋಗ ಮಾಡಿದೆ. ಕೊರಳ ದಾರದಲ್ಲಿ ಹೊಟ್ಟೆವರೆಗೆ ಜೋತಾಡಿದರೆ ಯಾರೂ ಓದುವುದಿಲ್ಲ. ದಾರ ತೆಗೆದು ಎದೆಯ ಬಲಗಡೆ ಪಿನ್ ಮಾಡಿದೆ; ಕೈಕುಲುಕುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಮೂರು ನಾಲ್ಕು ಜನ ಹೆಸರು ಹಿಡಿದೇ ಮಾತಾಡಿಸಿದರು.

ಹೊರಗೆ ಬಂದ ಕೂಡಲೇ ಯಾರು ಏನಂದರು ಅಂತ ಫೋನಿನಲ್ಲಿ ಬರೆದಿಡಿ, ಬಸ್ ಹತ್ತುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ರಾತ್ರಿ ಎಂಟರೊಳಗೆ ಎರಡು ಸಾಲಿನ ಮೆಸೇಜ್ ಕಳಿಸಿ. ನಾನು ಕಳಿಸಿದ್ದು ಒಂಬತ್ತೋ ಹತ್ತೋ, ಉತ್ತರ ಬಂದದ್ದು ನಾಲ್ಕು. ಮೊದಲ ಸಾಲು ಅವರು ಆಡಿದ ಮಾತಿನ ಬಗ್ಗೆಯೇ ಇರಬೇಕು. ಎರಡನೇ ಸಾಲಿನಲ್ಲಿ ನಾನು ಕೇಳುವ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಮೀಟ್‌ಗೆ ನನ್ನ ತಂಗಿ ಹೋಗುತ್ತಿದ್ದಾಳೆ.