ಹುಡುಕುವ ಪೆಟ್ಟಿಗೆಯಲ್ಲಿ ಮುಚ್ಚದ ಆವರಣ

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರಿಗೆ ದಾಸ್ತಾನು ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅವರ ಗುಮಾಸ್ತರು ‘ರೋಬಸ್ಟಾ (ಚೆರಿ’ ಎಂದು ಹುಡುಕಿದರು, ಆವರಣ ಮುಚ್ಚಿರಲಿಲ್ಲ. ಪ್ರೋಗ್ರಾಂ ಅಲ್ಲೇ ನಿಂತುಹೋಯಿತು. ತಪ್ಪು ಅವರದಲ್ಲ, ನನ್ನದು.

ಗೆಳೆಯರೇ, ಬಳಕೆದಾರರು ಬರೆದದ್ದನ್ನು ನೇರವಾಗಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಆವರಣ, ಚುಕ್ಕಿಗಳಿಗೆ ವಿಶೇಷ ಅರ್ಥವಿರುವ ಹುಡುಕುವ ಮಾದರಿ, ಅಂದರೆ ಪ್ಯಾಟರ್ನ್) ಎಂದು ಓದಿಸಬೇಡಿ. ಪೈಥಾನ್‌ನಲ್ಲಾದರೆ ‘ರೀ’ ಮಾಡ್ಯೂಲ್‌ನ ‘ರೀ.ಎಸ್ಕೇಪ್’ (re.escape) ಮೂಲಕ ಹಾಯಿಸಿ. ಆವರಣ, ಚುಕ್ಕಿ, ನಕ್ಷತ್ರ ಎಲ್ಲವೂ ಬರೀ ಅಕ್ಷರಗಳಾಗುತ್ತವೆ. ಬಹುತೇಕರಿಗೆ ಬೇಕಿರುವುದು ಇಷ್ಟೇ. ಪ್ಯಾಟರ್ನ್ ಬೇಕೇ ಬೇಕು ಎನ್ನುವವರಿಗೆ ಮಾತ್ರ, ಅದನ್ನು ಕಂಪೈಲ್ ಮಾಡುವ (ಹುಡುಕಾಟಕ್ಕೆ ಸಿದ್ಧಪಡಿಸುವ) ಸಾಲನ್ನು ದೋಷ ಹಿಡಿಯುವ ಟ್ರೈ–ಎಕ್ಸೆಪ್ಟ್ ಒಳಗಿಟ್ಟು, ‘ಆವರಣ ಮುಚ್ಚಿಲ್ಲ, ನೋಡಿ’ ಎಂದು ಕನ್ನಡದಲ್ಲೇ ತಿಳಿಸಿ. ಅವರು ಬರೆದದ್ದನ್ನು ಮಾತ್ರ ಅಳಿಸಬೇಡಿ, ತಿದ್ದಿಕೊಳ್ಳಲಿ.

ಇನ್ನೊಂದು: ‘(ಎ+)+$’ಯಂಥದ್ದು ದೋಷವಿಲ್ಲದೆ ಕಂಪೈಲ್ ಆದರೂ, ಹೊಂದಿಕೆಯಾಗದ ಉದ್ದ ಸಾಲಿನಲ್ಲಿ ಹುಡುಕಾಟ ಮುಗಿಯದೆ ಸಿಕ್ಕಿಹಾಕಿಕೊಳ್ಳುತ್ತದೆ. ‘ರೀ’ ಮಾಡ್ಯೂಲ್‌ನಲ್ಲಿ ಕಾಲಮಿತಿ ಇಲ್ಲ. ಹುಡುಕಾಟವನ್ನು ಪ್ರತ್ಯೇಕ ಪ್ರೊಸೆಸ್‌ನಲ್ಲಿ ಓಡಿಸಿ, 2 ಸೆಕೆಂಡು ಮೀರಿದರೆ ನಿಲ್ಲಿಸಿಬಿಡಿ.